ಕೊಲ್ಲದ ಪ್ರಮಾಣದ ಆ್ಯಂಟಿಬಯೋಟಿಕ್ ಏನು ಮಾಡುತ್ತದೆ? ಬ್ಯಾಕ್ಟೀರಿಯಾಗಳ ಸಂವಹನ ಮತ್ತು ರೋಗದ ಉಗ್ರತೆ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಆ್ಯಂಟಿಬಯೋಟಿಕ್ ಮನುಷ್ಯರ ಔಷಧವಾಗಿ ಮಾತ್ರ ಉಳಿದಿಲ್ಲ. ಗಂಟಲು ನೋವೆಂದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೇಳಿ ಪಡೆಯುವ ಅಜಿತ್ರೊಮೈಸಿನ್ ಮಾತ್ರೆ, ಕೆಚ್ಚಲು ಬಾವು ಬಂದ ಹಸುವಿನ ಮೊಲೆತೊಟ್ಟಿಗೆ ಏರಿಸುವ ಟ್ಯೂಬು, ಹೊಸದುರ್ಗ ಹಿರಿಯೂರು ಕಡೆಯ ದಾಳಿಂಬೆ ತೋಟಗಳಲ್ಲಿ ದುಂಡಾಣು ಅಂಗಮಾರಿಗೆಂದು ಸಿಂಪಡಿಸುವ ಸ್ಟ್ರೆಪ್ಟೋಸೈಕ್ಲಿನ್ ಪುಡಿ, ಇವೆಲ್ಲವೂ ಒಂದೇ ಬಗೆಯ ಔಷಧಗಳು. ಇವುಗಳನ್ನು ಬಳಸುವ ಎಲ್ಲ ಕಡೆಯೂ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ: ಸ್ವಲ್ಪ ಕೊಟ್ಟರೆ ಸ್ವಲ್ಪ ಗುಣ, ಗುಣವಾಗದಿದ್ದರೂ ನಷ್ಟವೇನಿಲ್ಲ. ಮಗುವಿಗೆ ಅರ್ಧ ಮಾತ್ರೆ ಸಾಕು, ಪವರ್ ಜಾಸ್ತಿಯಾದರೆ ಹೀಟ್ ಆಗುತ್ತದೆ, ಮೂರು ಹೊತ್ತಿನದನ್ನು ಎರಡು ಹೊತ್ತು ತೆಗೆದುಕೊಂಡರೂ ನಡೆಯುತ್ತದೆ ಎಂಬ ಮಾತುಗಳ ಹಿಂದಿರುವುದು ಈ ನಂಬಿಕೆಯೇ.

ಕಳೆದ ಎರಡು ಮೂರು ದಶಕಗಳ ಸೂಕ್ಷ್ಮಜೀವಿ ವಿಜ್ಞಾನ ಈ ನಂಬಿಕೆಯನ್ನು ಬುಡದಿಂದಲೇ ಅಲ್ಲಾಡಿಸಿದೆ. ಕೊಲ್ಲಲು ಸಾಲದಷ್ಟು ಕಡಿಮೆ ಪ್ರಮಾಣದಲ್ಲಿ ಆ್ಯಂಟಿಬಯೋಟಿಕ್ ಎದುರಾದಾಗ ಬ್ಯಾಕ್ಟೀರಿಯಾ ಸುಮ್ಮನೆ ಕೂರುವುದಿಲ್ಲ. ತನ್ನ ಜೀನ್‌ಗಳ ಕೆಲಸವನ್ನು ಬದಲಿಸುತ್ತದೆ, ತನ್ನ ಬಳಗದ ಜೊತೆಗಿನ ಸಂವಹನವನ್ನು ಬದಲಿಸುತ್ತದೆ, ಕೆಲವೊಮ್ಮೆ ಮೊದಲಿಗಿಂತ ಹೆಚ್ಚು ವಿಷವನ್ನೂ ಉತ್ಪಾದಿಸುತ್ತದೆ. ಅರ್ಧ ಪ್ರಮಾಣದ ಔಷಧ ಅರ್ಧ ಕೆಲಸವನ್ನು ಮಾಡುತ್ತದೆ ಎಂದು ತಿಳಿಯುವುದು ತಪ್ಪು, ಅದು ಬೇರೆಯದೇ ಕೆಲಸವನ್ನು ಮಾಡುತ್ತದೆ. ಔಷಧ ನಿರೋಧಕತೆಯ ಬಗ್ಗೆ ನಮ್ಮಲ್ಲಿ ಈಗ ಸಾಕಷ್ಟು ಮಾತು ನಡೆಯುತ್ತಿದೆ. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ನಿರೋಧಕ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿದ್ದವು ಎಂಬ ಅಂದಾಜು 2022ರಲ್ಲಿ ಪ್ರಕಟವಾದ ಮೇಲೆ ಆ ಮಾತು ಪತ್ರಿಕೆಗಳನ್ನೂ ತಲುಪಿತು. ಆದರೆ ನಿರೋಧಕತೆ ಹುಟ್ಟುವುದಕ್ಕೂ ಮೊದಲೇ, ಇನ್ನೂ ಔಷಧಕ್ಕೆ ಬಗ್ಗುವ ಬ್ಯಾಕ್ಟೀರಿಯಾದಲ್ಲಿಯೇ, ಕಡಿಮೆ ಪ್ರಮಾಣದ ಔಷಧ ತರುವ ಬದಲಾವಣೆಗಳ ಬಗ್ಗೆ ಕನ್ನಡದಲ್ಲಿ ಚರ್ಚೆ ನಡೆದಿರುವುದು ತೀರ ಕಡಿಮೆ.

ಮೊದಲು ‘ಕಡಿಮೆ’ ಎಂದರೆ ಯಾವುದಕ್ಕಿಂತ ಕಡಿಮೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಪ್ರಯೋಗಾಲಯದಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಔಷಧದ ಬೇರೆ ಬೇರೆ ಸಾಂದ್ರತೆಗಳಲ್ಲಿ ಒಂದು ರಾತ್ರಿ ಬೆಳೆಯಲು ಬಿಟ್ಟು, ಕಣ್ಣಿಗೆ ಕಾಣುವ ಬೆಳವಣಿಗೆ ಯಾವ ಕನಿಷ್ಠ ಸಾಂದ್ರತೆಯಲ್ಲಿ ನಿಲ್ಲುತ್ತದೋ ಅದನ್ನು ‘ಎಂಐಸಿ’ ಎಂದು, ಅಂದರೆ ಕನಿಷ್ಠ ತಡೆ ಪ್ರಮಾಣವೆಂದು ಗುರುತಿಸುತ್ತಾರೆ. ಚಿಕಿತ್ಸೆಯ ಲೆಕ್ಕಾಚಾರವೆಲ್ಲ ಈ ಗೆರೆಯ ಸುತ್ತ ನಡೆಯುತ್ತದೆ. ಗೆರೆಯ ಕೆಳಗೆ ಏನೂ ಆಗುವುದಿಲ್ಲ ಎಂಬ ಅರ್ಥ ಅದಕ್ಕೆ ಯಾವತ್ತೂ ಇರಲಿಲ್ಲ. ಪೆನಿಸಿಲಿನ್ ಇನ್ನೂ ಆಸ್ಪತ್ರೆಗಳನ್ನು ತಲುಪದಿದ್ದ 1940ರಲ್ಲಿಯೇ ಗಾರ್ಡ್‌ನರ್ ಎಂಬ ವಿಜ್ಞಾನಿ, ಕೊಲ್ಲದ ಪ್ರಮಾಣದ ಪೆನಿಸಿಲಿನ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾಗಳು ಒಡೆದು ಎರಡಾಗಲಾರದೆ ಉದ್ದುದ್ದ ಎಳೆಗಳಾಗಿ ಬೆಳೆಯುವುದನ್ನು ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲಿ ಕಡಿಮೆ ಪ್ರಮಾಣದ ಸೇವನೆಯ ಅಪಾಯವನ್ನು ಎತ್ತಿ ಹೇಳಿದರು. ಅವರ ಆತಂಕ ಮುಖ್ಯವಾಗಿ ನಿರೋಧಕತೆಯ ಕುರಿತದ್ದಾಗಿತ್ತು. ಬ್ಯಾಕ್ಟೀರಿಯಾಗಳು ಪರಸ್ಪರ ಸಂಕೇತಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ ಎಂಬುದು ಆ ಕಾಲಕ್ಕೆ ಗೊತ್ತಿರಲಿಲ್ಲ.

ಆ ತಿಳಿವಳಿಕೆಯ ಆರಂಭ 1970ರಲ್ಲಿ, ಸಮುದ್ರದ ಒಂದು ಹೊಳೆಯುವ ಬ್ಯಾಕ್ಟೀರಿಯಾದ ಅಧ್ಯಯನದಿಂದ ಆಯಿತು. ವಿಬ್ರಿಯೋ ಫಿಶರಿ ಎಂಬ ಈ ಜೀವಿ ಹವಾಯಿಯ ಒಂದು ಪುಟ್ಟ ಸ್ಕ್ವಿಡ್‌ನ ದೇಹದೊಳಗೆ ದಟ್ಟವಾಗಿ ನೆಲೆಸಿದಾಗ ಬೆಳಕು ಕೊಡುತ್ತದೆ, ಸಮುದ್ರದ ನೀರಿನಲ್ಲಿ ಚದುರಿ ತೇಲುವಾಗ ಕೊಡುವುದಿಲ್ಲ. ಪ್ರತಿ ಕೋಶವೂ ಒಂದು ಸಣ್ಣ ರಾಸಾಯನಿಕವನ್ನು ಹೊರಬಿಡುತ್ತಿರುತ್ತದೆ. ಕೋಶಗಳ ಸಂಖ್ಯೆ ಹೆಚ್ಚಿದಂತೆ ಸುತ್ತಲೂ ಆ ರಾಸಾಯನಿಕದ ಸಾಂದ್ರತೆ ಏರುತ್ತದೆ. ಒಂದು ಮಟ್ಟ ಮುಟ್ಟಿದೊಡನೆ ಅದು ಕೋಶದೊಳಗಿನ ಒಂದು ಪ್ರೊಟೀನಿಗೆ ಅಂಟಿಕೊಂಡು ಬೆಳಕಿನ ಜೀನ್‌ಗಳನ್ನು ಚಾಲನೆಗೊಳಿಸುತ್ತದೆ. ಗ್ರಾಮಸಭೆಯಲ್ಲಿ ಕೋರಂ ಆಗದೆ ನಿರ್ಣಯ ಕೈಗೊಳ್ಳಲು ಬಾರದಂತೆ, ಇಷ್ಟು ಮಂದಿ ಸೇರದ ಹೊರತು ಈ ಕೆಲಸ ಆರಂಭವಾಗುವುದಿಲ್ಲ. 1994ರಲ್ಲಿ ಇದಕ್ಕೆ ‘ಕೋರಂ ಸೆನ್ಸಿಂಗ್’ ಎಂಬ ಹೆಸರು ಬಿತ್ತು.

ರೋಗಕಾರಕ ಬ್ಯಾಕ್ಟೀರಿಯಾಗಳಿಗೆ ಈ ವ್ಯವಸ್ಥೆ ಏಕೆ ಬೇಕು ಎಂಬುದು ಯೋಚಿಸಿದರೆ ಅರ್ಥವಾಗುತ್ತದೆ. ಬೆರಳೆಣಿಕೆಯ ಕೋಶಗಳು ದೇಹವನ್ನು ಹೊಕ್ಕ ಕೂಡಲೇ ವಿಷ ಉಗುಳತೊಡಗಿದರೆ ಗಾಯವೇನೂ ಆಗುವುದಿಲ್ಲ, ಆದರೆ ದೇಹದ ರಕ್ಷಣಾ ವ್ಯವಸ್ಥೆಗೆ ಸುಳಿವು ಸಿಕ್ಕಿಬಿಡುತ್ತದೆ. ಆದ್ದರಿಂದ ಅನೇಕ ಬ್ಯಾಕ್ಟೀರಿಯಾಗಳು ಸಾಕಷ್ಟು ಸಂಖ್ಯೆಗೆ ಬೆಳೆಯುವವರೆಗೆ ಕಾದು, ಬಳಿಕ ಒಟ್ಟಾಗಿ ದಾಳಿಗಿಳಿಯುತ್ತವೆ. ಎಲ್ಲವೂ ಹೀಗೆಯೇ ಎಂದೇನಲ್ಲ. ಕಾಲರಾದ ಬ್ಯಾಕ್ಟೀರಿಯಾ ಇದಕ್ಕೆ ಸರಿಯಾಗಿ ವಿರುದ್ಧ. ಅದು ಸಂಖ್ಯೆ ಕಡಿಮೆ ಇದ್ದಾಗ ವಿಷವನ್ನು ತಯಾರಿಸುತ್ತದೆ, ಹೆಚ್ಚಾದಾಗ ನಿಲ್ಲಿಸಿ ಕರುಳನ್ನು ಬಿಟ್ಟು ಹೊರಹೋಗಲು ಸಿದ್ಧವಾಗುತ್ತದೆ. ಸಂಕೇತ ವ್ಯವಸ್ಥೆಯನ್ನು ಕದಡಿದರೆ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಒಂದೇ ಪರಿಣಾಮ ಉಂಟಾಗುವುದಿಲ್ಲ ಎಂಬುದಕ್ಕೆ ಇಷ್ಟೇ ಸಾಕು.

ಈ ವಿಷಯದಲ್ಲಿ ಅತಿ ಹೆಚ್ಚು ಅಧ್ಯಯನವಾಗಿರುವುದು ಸ್ಯೂಡೊಮೊನಾಸ್ ಏರುಜಿನೋಸಾ ಎಂಬ ಬ್ಯಾಕ್ಟೀರಿಯಾ. ಸುಟ್ಟ ಗಾಯ, ಮಧುಮೇಹಿಗಳ ಕಾಲಿನ ಹುಣ್ಣು, ವೆಂಟಿಲೇಟರಿನಲ್ಲಿರುವ ರೋಗಿಯ ಶ್ವಾಸಕೋಶ, ಮೂತ್ರದ ಕ್ಯಾತಿಟರ್, ಇವೆಲ್ಲ ಅದರ ನೆಲೆಗಳು. ಗಾಯದ ಪಟ್ಟಿಯಲ್ಲಿ ಹಸಿರು ಛಾಯೆಯ ಕೀವು ಕಂಡರೆ ಅನುಭವಿ ನರ್ಸ್‌ಗಳು ಮೊದಲು ಶಂಕಿಸುವುದು ಇದನ್ನೇ. ಇದರಲ್ಲಿ ‘ಲಾಸ್’, ‘ಆರ್‌ಎಚ್‌ಎಲ್’, ‘ಪಿಕ್ಯುಎಸ್’ ಎಂದು ಕರೆಯುವ ಮೂರು ಸಂಕೇತ ಜಾಲಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅಂಗಾಂಶವನ್ನು ಕರಗಿಸುವ ಇಲಾಸ್ಟೇಸ್, ಹಸಿರು ನೀಲಿ ಬಣ್ಣದ ಪಯೋಸಯನಿನ್ ಎಂಬ ವಿಷ, ಬಿಳಿ ರಕ್ತಕಣಗಳನ್ನು ನಾಶಪಡಿಸುವ ರ‍್ಯಾಮ್ನೋಲಿಪಿಡ್, ಇವುಗಳ ಉತ್ಪಾದನೆ ಈ ಜಾಲಗಳ ಹತೋಟಿಯಲ್ಲಿದೆ.

ಜಪಾನಿನ ವೈದ್ಯರು 1980ರ ದಶಕದಲ್ಲಿ ಒಂದು ವಿಚಿತ್ರ ಸಂಗತಿಯನ್ನು ಗಮನಿಸಿದ್ದರು. ‘ಡಿಫ್ಯೂಸ್ ಪ್ಯಾನ್‌ಬ್ರಾಂಕಿಯೊಲೈಟಿಸ್’ ಎಂಬ ಮಾರಕ ಶ್ವಾಸಕೋಶದ ಕಾಯಿಲೆಯಲ್ಲಿ ರೋಗಿಗಳನ್ನು ಕೊನೆಗೆ ಕಾಡುತ್ತಿದ್ದುದು ಸ್ಯೂಡೊಮೊನಾಸ್. ಅವರಿಗೆ ಎರಿತ್ರೊಮೈಸಿನ್ ಅನ್ನು ಕಡಿಮೆ ಪ್ರಮಾಣದಲ್ಲಿ ದೀರ್ಘಕಾಲ ಕೊಟ್ಟಾಗ ಬದುಕುಳಿಯುವವರ ಸಂಖ್ಯೆ ಗಮನಾರ್ಹವಾಗಿ ಏರಿತು. ವಿಚಿತ್ರವೆಂದರೆ ಆ ಪ್ರಮಾಣದಲ್ಲಿ ಎರಿತ್ರೊಮೈಸಿನ್ ಸ್ಯೂಡೊಮೊನಾಸ್ ಅನ್ನು ಕೊಲ್ಲುವುದಿಲ್ಲ. ಶ್ವಾಸಕೋಶದ ಉರಿಯೂತವನ್ನು ತಗ್ಗಿಸುವ ಗುಣ ಈ ಔಷಧಕ್ಕಿರುವುದು ಒಂದು ಕಾರಣ. ಇನ್ನೊಂದು ಕಾರಣ 2001ರ ಸುಮಾರಿಗೆ ಸ್ಪಷ್ಟವಾಯಿತು: ಅದೇ ಕುಟುಂಬದ ಅಜಿತ್ರೊಮೈಸಿನ್, ಎಂಐಸಿಗಿಂತ ಬಹಳ ಕೆಳಗಿನ ಪ್ರಮಾಣದಲ್ಲಿಯೇ ಸ್ಯೂಡೊಮೊನಾಸ್‌ನ ಸಂಕೇತ ಅಣುಗಳ ತಯಾರಿಕೆಯನ್ನು ತಗ್ಗಿಸುತ್ತದೆ. ಸಂಕೇತ ತಗ್ಗಿದರೆ ವಿಷವೂ ತಗ್ಗುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ರೋಗಿಗಳಲ್ಲಿ ಅಜಿತ್ರೊಮೈಸಿನ್ ಉಸಿರಾಟವನ್ನು ಸುಧಾರಿಸುತ್ತದೆ ಎಂಬುದು 2003ರಲ್ಲಿ ಪ್ರಕಟವಾದ ಕ್ಲಿನಿಕಲ್ ಪ್ರಯೋಗದಲ್ಲಿ ಕಂಡುಬಂತು.

ಇಲ್ಲಿಗೆ ನಿಲ್ಲಿಸಿದರೆ ಕಡಿಮೆ ಪ್ರಮಾಣವೇ ಒಳ್ಳೆಯದು ಎಂಬ ತೀರ್ಮಾನಕ್ಕೆ ಬರಬಹುದು. ಆದರೆ ಅದೇ ಬ್ಯಾಕ್ಟೀರಿಯಾಕ್ಕೆ ಬೇರೆ ಔಷಧವನ್ನು ಕೊಟ್ಟಾಗ ಚಿತ್ರ ತಿರುಗುಮುರುಗಾಗುತ್ತದೆ. ಟೋಬ್ರಾಮೈಸಿನ್ ಮತ್ತು ಅದರ ಕುಟುಂಬದ ಅಮಿನೋಗ್ಲೈಕೋಸೈಡ್‌ಗಳು ಕೊಲ್ಲದ ಪ್ರಮಾಣದಲ್ಲಿ ಸ್ಯೂಡೊಮೊನಾಸ್ ಅನ್ನು ಬಯೋಫಿಲ್ಮ್ ಕಟ್ಟಲು ಪ್ರೇರೇಪಿಸುತ್ತವೆ ಎಂದು 2005ರಲ್ಲಿ ‘ನೇಚರ್’ನಲ್ಲಿ ಬಂದ ಅಧ್ಯಯನ ತೋರಿಸಿತು. ಬಯೋಫಿಲ್ಮ್ ಎಂದರೆ ಬ್ಯಾಕ್ಟೀರಿಯಾಗಳು ಒಂದು ಮೇಲ್ಮೈಗೆ ಅಂಟಿಕೊಂಡು, ತಾವೇ ಸ್ರವಿಸಿದ ಲೋಳೆಯೊಳಗೆ ಒಟ್ಟಾಗಿ ಬದುಕುವ ಪದರ. ಅದರೊಳಗಿರುವ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಬಿಡಿಯಾಗಿ ತೇಲುವವುಗಳಿಗೆ ಬೇಕಾದುದಕ್ಕಿಂತ ಹಲವು ಪಟ್ಟು ಹೆಚ್ಚು ಔಷಧ ಬೇಕಾಗುತ್ತದೆ. ಅಂದರೆ ಕಡಿಮೆ ಪ್ರಮಾಣದ ಔಷಧವೇ ಮುಂದಿನ ಪೂರ್ಣ ಪ್ರಮಾಣದ ಔಷಧದಿಂದ ತಪ್ಪಿಸಿಕೊಳ್ಳುವ ನೆಲೆಯನ್ನು ಕಟ್ಟಿಸುತ್ತದೆ. ಇದಕ್ಕೆ ಕಾರಣವಾದ ಜೀನ್ ಕೂಡ ಪತ್ತೆಯಾಯಿತು. ಕೋಶದೊಳಗಿನ ಸಂದೇಶವಾಹಕ ಅಣುವೊಂದರ ಮಟ್ಟವನ್ನು ಬದಲಿಸುವ ಕೆಲಸ ಅದರದು. ಮರುವರ್ಷ, 2006ರಲ್ಲಿ, ಇನ್ನೊಂದು ತಂಡವು ಟೆಟ್ರಾಸೈಕ್ಲಿನ್ ಕಡಿಮೆ ಪ್ರಮಾಣದಲ್ಲಿ ಇದೇ ಬ್ಯಾಕ್ಟೀರಿಯಾದ ‘ಟೈಪ್ ತ್ರೀ’ ಸ್ರವಿಕೆ ವ್ಯವಸ್ಥೆಯನ್ನು ಚುರುಕುಗೊಳಿಸುತ್ತದೆಂದು ವರದಿ ಮಾಡಿತು. ಈ ವ್ಯವಸ್ಥೆ ಸೂಜಿಯಂಥ ಒಂದು ರಚನೆಯ ಮೂಲಕ ವಿಷ ಪ್ರೊಟೀನುಗಳನ್ನು ನೇರವಾಗಿ ನಮ್ಮ ಕೋಶಗಳೊಳಕ್ಕೆ ಚುಚ್ಚುತ್ತದೆ. ಬ್ಯಾಕ್ಟೀರಿಯಾವನ್ನು ತಡೆಯಬೇಕಾದ ಔಷಧ, ಪ್ರಮಾಣ ಇಳಿದಾಗ, ಅದನ್ನು ನಮ್ಮ ಕೋಶಗಳಿಗೆ ಇನ್ನಷ್ಟು ಮಾರಕವಾಗಿಸಿತು.

ಅಜಿತ್ರೊಮೈಸಿನ್‌ನ ಕಥೆಯೂ ಅಲ್ಲಿಗೇ ಮುಗಿಯಲಿಲ್ಲ. ವೆಂಟಿಲೇಟರಿನಲ್ಲಿದ್ದ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದ ಅತ್ಯಂತ ಮಹತ್ವದ ಪಾಠ. ಸ್ಯೂಡೊಮೊನಾಸ್‌ನ ಗುಂಪಿನಲ್ಲಿ ಸಂಕೇತಕ್ಕೆ ಓಗೊಡದ, ಆದರೆ ಉಳಿದವು ಸ್ರವಿಸಿದ ಕಿಣ್ವಗಳ ಲಾಭವನ್ನು ಉಣ್ಣುವ ರೂಪಾಂತರಿ ಕೋಶಗಳು ಕಾಲಕ್ರಮದಲ್ಲಿ ತಲೆಯೆತ್ತುತ್ತವೆ. ಸಂಕೇತಕ್ಕೆ ಸ್ಪಂದಿಸಿ ಕಿಣ್ವ ತಯಾರಿಸುವ ಖರ್ಚು ಅವಕ್ಕಿಲ್ಲವಾದ್ದರಿಂದ ಅವು ಬೇಗ ಬೆಳೆದು ಗುಂಪನ್ನು ಆಕ್ರಮಿಸುತ್ತವೆ, ಮತ್ತು ಹಾಗೆ ಆಕ್ರಮಿಸಿದಾಗ ಇಡೀ ಗುಂಪಿನ ಉಗ್ರತೆ ತಾನಾಗಿಯೇ ಕುಗ್ಗುತ್ತದೆ. ಔಷಧ ಪಡೆಯದ ರೋಗಿಗಳಲ್ಲಿ ಹೀಗೆಯೇ ಆಯಿತು. ಅಜಿತ್ರೊಮೈಸಿನ್ ಪಡೆದವರಲ್ಲಿ ಸಂಕೇತ ವ್ಯವಸ್ಥೆ ಎಲ್ಲ ಕೋಶಗಳಲ್ಲೂ ತಗ್ಗಿದ್ದರಿಂದ ಈ ರೂಪಾಂತರಿಗಳಿಗೆ ಇದ್ದ ಲಾಭವೇ ಇಲ್ಲವಾಯಿತು, ಪರಿಣಾಮವಾಗಿ ಉಗ್ರ ಕೋಶಗಳೇ ಉಳಿದುಕೊಂಡವು. ಔಷಧ ಇರುವಷ್ಟು ಕಾಲ ಅವು ಶಾಂತವಾಗಿದ್ದರೂ, ಅದು ನಿಂತ ಬಳಿಕ ರೋಗಿಯ ದೇಹದಲ್ಲಿ ಇರುವುದು ಪೂರ್ಣ ಉಗ್ರತೆಯ ಸಾಮರ್ಥ್ಯವುಳ್ಳ ಗುಂಪು. ಇವತ್ತಿನ ಪರಿಣಾಮವೂ ಮುಂದಿನ ತಿಂಗಳ ಪರಿಣಾಮವೂ ಒಂದಕ್ಕೊಂದು ವಿರುದ್ಧವಾಗಿರಬಹುದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಬೇರೆ ಉದಾಹರಣೆ ನನ್ನ ಓದಿಗೆ ಸಿಕ್ಕಿಲ್ಲ.

ಚರ್ಮದ ಕುರು, ಶಸ್ತ್ರಚಿಕಿತ್ಸೆಯ ಗಾಯದ ಕೀವು, ಮೂಳೆಯ ಸೋಂಕುಗಳಿಗೆ ಕಾರಣವಾಗುವ ಸ್ಟೆಫೈಲೊಕಾಕಸ್ ಆರಿಯಸ್‌ನಲ್ಲಿ ಚಿತ್ರ ತುಸು ಸರಳ, ಮತ್ತು ವೈದ್ಯರಿಗೆ ನೇರ ಉಪಯೋಗಕ್ಕೆ ಬರುವಂಥದ್ದು. ಇದರ ಸಂಕೇತ ವ್ಯವಸ್ಥೆಯ ಹೆಸರು ‘ಎಜಿಆರ್’. ಪೆನಿಸಿಲಿನ್ ಕುಟುಂಬದ ನಾಫ್ಸಿಲಿನ್, ಆಕ್ಸಾಸಿಲಿನ್‌ನಂಥ ಔಷಧಗಳು ಕೊಲ್ಲದ ಪ್ರಮಾಣದಲ್ಲಿದ್ದಾಗ ಕೆಲವು ತಳಿಗಳು ಆಲ್ಫಾ ಟಾಕ್ಸಿನ್ ಮುಂತಾದ ವಿಷಗಳನ್ನು ಹೆಚ್ಚಾಗಿ ತಯಾರಿಸುತ್ತವೆ. ಪ್ರೊಟೀನ್ ತಯಾರಿಕೆಯನ್ನು ತಡೆಯುವ ಕ್ಲಿಂಡಾಮೈಸಿನ್ ಮತ್ತು ಲಿನೆಜೋಲಿಡ್ ಕಡಿಮೆ ಪ್ರಮಾಣದಲ್ಲೂ ವಿಷವನ್ನು ತಗ್ಗಿಸುತ್ತವೆ. ಚರ್ಮ ಮತ್ತು ಅದರಡಿಯ ಅಂಗಾಂಶ ಗಂಟೆಗಳಲ್ಲಿ ಕೊಳೆಯುವ ತೀವ್ರ ಸೋಂಕುಗಳಲ್ಲಿ ಪೆನಿಸಿಲಿನ್ ಕುಟುಂಬದ ಔಷಧದ ಜೊತೆಗೆ ಕ್ಲಿಂಡಾಮೈಸಿನ್ ಸೇರಿಸುವ ಪದ್ಧತಿ ಬಂದಿರುವುದು ಈ ಕಾರಣಕ್ಕೆ. ಆದರೆ ದಾವಣಗೆರೆಯ ದೊಡ್ಡ ಆಸ್ಪತ್ರೆಗಳಿರಲಿ, ತಾಲ್ಲೂಕು ಕೇಂದ್ರದ ಲ್ಯಾಬಿರಲಿ, ರೋಗಿಯ ಕೈಗೆ ಬರುವ ‘ಕಲ್ಚರ್ ಅಂಡ್ ಸೆನ್ಸಿಟಿವಿಟಿ’ ವರದಿಯಲ್ಲಿ ಇದಾವುದೂ ಇರುವುದಿಲ್ಲ. ಔಷಧದ ಹೆಸರಿನ ಮುಂದೆ ‘ಎಸ್’ ಎಂದಿದ್ದರೆ ಅದು ಬೆಳವಣಿಗೆಯನ್ನು ತಡೆಯುತ್ತದೆ, ‘ಆರ್’ ಎಂದಿದ್ದರೆ ತಡೆಯುವುದಿಲ್ಲ ಎಂದಷ್ಟೇ ತಿಳಿಯುತ್ತದೆ. ಪ್ರಮಾಣ ಇಳಿದಾಗ ಆ ಔಷಧ ವಿಷವನ್ನು ಏರಿಸುತ್ತದೆಯೋ ಇಳಿಸುತ್ತದೆಯೋ ಎಂಬುದನ್ನು ಅಳೆಯಲು ಆ ಪರೀಕ್ಷೆಯನ್ನು ರೂಪಿಸಿಯೇ ಇಲ್ಲ.

ಇಷ್ಟೆಲ್ಲ ಬಗೆಯ ಪರಿಣಾಮಗಳು ಏಕೆ? ಕೆನಡಾದ ಜೂಲಿಯನ್ ಡೇವಿಸ್ ಮತ್ತು ಸಂಗಡಿಗರು 2002ರಲ್ಲಿ ಒಂದು ಸುಂದರ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಸಾವಿರಾರು ಜೀನ್ ಸ್ವಿಚ್‌ಗಳಿಗೆ ಬೆಳಕು ಕೊಡುವ ಜೀನ್‌ಗಳನ್ನು ಜೋಡಿಸಿ, ಎರಿತ್ರೊಮೈಸಿನ್ ಮತ್ತು ರಿಫಾಂಪಿಸಿನ್ ಅನ್ನು ಕೊಲ್ಲದ ಪ್ರಮಾಣದಲ್ಲಿ ಸೋಕಿಸಿದಾಗ, ಅನೇಕ ಸ್ವಿಚ್‌ಗಳು ಹೊತ್ತಿಕೊಂಡವು, ಅನೇಕ ಆರಿದವು. ಮಣ್ಣಿನಲ್ಲಿ ಸ್ಟ್ರೆಪ್ಟೊಮೈಸಿಸ್‌ನಂಥ ಬ್ಯಾಕ್ಟೀರಿಯಾಗಳು ಆ್ಯಂಟಿಬಯೋಟಿಕ್ ಅಣುಗಳನ್ನು ತಯಾರಿಸುವಾಗ ಅವುಗಳ ಸಾಂದ್ರತೆ ಹೆಚ್ಚಿನ ವೇಳೆ ಕೊಲ್ಲುವ ಮಟ್ಟವನ್ನು ಮುಟ್ಟುವುದಿಲ್ಲ. ಆದ್ದರಿಂದ ಅಲ್ಲಿ ಅವು ಆಯುಧಕ್ಕಿಂತ ಹೆಚ್ಚಾಗಿ ಸಂಕೇತಗಳಾಗಿ ಕೆಲಸ ಮಾಡುತ್ತಿರಬಹುದು ಎಂಬುದು ಡೇವಿಸ್ ಅವರ ವಾದ. ಈ ವಾದದ ವಿಸ್ತಾರದ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಮಣ್ಣಿನಲ್ಲಿ ಏನೇ ಇದ್ದರೂ ನಮ್ಮ ದೇಹದೊಳಗೆ ಆಗುವುದನ್ನು ವಿವರಿಸಲು ಔಷಧವು ಕೋಶದ ಯಾವ ಭಾಗಕ್ಕೆ ತಾಗುತ್ತದೆ ಎಂಬುದನ್ನು ನೋಡಿದರೆ ಸಾಕಾಗುತ್ತದೆ. ಕೋಶದಲ್ಲಿ ಪ್ರೊಟೀನು ತಯಾರಿಸುವ ರೈಬೋಸೋಮ್‌ಗೆ ತಾಗುವ ಔಷಧ ಕೆಲವು ಪ್ರೊಟೀನುಗಳ ತಯಾರಿಕೆಯನ್ನು ಉಳಿದವುಗಳಿಗಿಂತ ಹೆಚ್ಚು ಕುಂಠಿತಗೊಳಿಸುತ್ತದೆ. ಡಿಎನ್‌ಎಗೆ ಹಾನಿಮಾಡುವ ಔಷಧ ‘ಎಸ್‌ಓಎಸ್’ ಎಂಬ ತುರ್ತು ದುರಸ್ತಿ ವ್ಯವಸ್ಥೆಯನ್ನು ಎಬ್ಬಿಸುತ್ತದೆ.

ಈ ಎಸ್‌ಓಎಸ್ ವ್ಯವಸ್ಥೆಯ ಪರಿಣಾಮಗಳು ಆತಂಕಕಾರಿ. ಶಿಗಾ ಟಾಕ್ಸಿನ್ ಉತ್ಪಾದಿಸುವ ಇ. ಕೊಲಿ ತಳಿಗಳಲ್ಲಿ ವಿಷದ ಜೀನ್ ಇರುವುದು ಬ್ಯಾಕ್ಟೀರಿಯಾದೊಳಗೆ ಮಲಗಿರುವ ಒಂದು ವೈರಸ್ಸಿನಲ್ಲಿ. ಸಿಪ್ರೊಫ್ಲಾಕ್ಸಾಸಿನ್‌ನಂಥ ಔಷಧ ಡಿಎನ್‌ಎಯನ್ನು ಗಾಸಿಗೊಳಿಸಿದಾಗ ಆ ವೈರಸ್ ಎಚ್ಚೆತ್ತು, ವಿಷದ ಉತ್ಪಾದನೆ ಏರಿ, ಕೋಶ ಒಡೆದು ಅದು ಕರುಳಿಗೆ ಹರಿಯುತ್ತದೆ. ಇಂಥ ಸೋಂಕಿನಲ್ಲಿ ಆ್ಯಂಟಿಬಯೋಟಿಕ್ ಪಡೆದ ಮಕ್ಕಳಲ್ಲಿ ಮೂತ್ರಪಿಂಡಕ್ಕೆ ಹಾನಿಮಾಡುವ ತೊಡಕಿನ ಅಪಾಯ ಹೆಚ್ಚೆಂದು 2000ದಲ್ಲಿ ಅಮೆರಿಕದಿಂದ ಬಂದ ವರದಿ ವೈದ್ಯರ ಕೈಯನ್ನು ತಡೆಯಿತು. ನಮ್ಮ ನೆರೆಯಲ್ಲೇ, 1992ರಲ್ಲಿ ಮದರಾಸಿನಲ್ಲಿ ಪ್ರತ್ಯೇಕಿಸಿದ ಕಾಲರಾದ ಒ139 ತಳಿಯಲ್ಲಿ ‘ಎಸ್‌ಎಕ್ಸ್‌ಟಿ’ ಎಂಬ ಜೀನ್ ಕಂತೆ ಪತ್ತೆಯಾಯಿತು. ಹಲವು ಔಷಧಗಳಿಗೆ ನಿರೋಧಕತೆ ಕೊಡುವ ಜೀನ್‌ಗಳನ್ನು ಹೊತ್ತಿರುವ ಈ ಕಂತೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಎಬ್ಬಿಸಿದ ಎಸ್‌ಓಎಸ್ ವ್ಯವಸ್ಥೆಯೇ ಆ ಜಿಗಿತವನ್ನು ಹೆಚ್ಚಿಸುತ್ತದೆ ಎಂಬುದು 2004ರಲ್ಲಿ ಸಾಬೀತಾಯಿತು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತ ದುರಂತವನ್ನು ಈ ಭಾಗದವರು ಮರೆತಿಲ್ಲ. ವಾಂತಿ ಭೇದಿ ಶುರುವಾದಾಗ ಮೊದಲು ಬೇಕಾದುದು ಓಆರ್‌ಎಸ್ ಮತ್ತು ಆಸ್ಪತ್ರೆ. ಅಂಗಡಿಯಿಂದ ತಂದು ಒಂದೆರಡು ಹೊತ್ತು ನುಂಗುವ ನಾರ್‌ಫ್ಲಾಕ್ಸಾಸಿನ್ ಸಿಪ್ರೊಫ್ಲಾಕ್ಸಾಸಿನ್ನಿನ ಕುಟುಂಬಕ್ಕೇ ಸೇರಿದ್ದು, ಅದನ್ನು ನಿರಪಾಯಕಾರಿ ಮುನ್ನೆಚ್ಚರಿಕೆ ಎಂದು ಭಾವಿಸಲು ಆಧಾರವಿಲ್ಲ.

ಕಡಿಮೆ ಪ್ರಮಾಣ ನಮ್ಮ ದಿನನಿತ್ಯದಲ್ಲಿ ಹೇಗೆಲ್ಲ ಉಂಟಾಗುತ್ತದೆ ಎಂಬುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅಮಾಕ್ಸಿಸಿಲಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಹೆಚ್ಚುಕಡಿಮೆ ಒಂದು ಗಂಟೆ ಸಾಕು. ಈ ಕುಟುಂಬದ ಔಷಧಗಳ ಫಲ ನಿಂತಿರುವುದು ಸಾಂದ್ರತೆ ಎಂಐಸಿಯ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ ಎಂಬುದರ ಮೇಲೆ. ದಿನಕ್ಕೆ ಮೂರು ಬಾರಿ ಎಂದು ಬರೆದದ್ದನ್ನು, ಕೂಲಿಗೋ ಅಡಿಕೆ ಸುಲಿಯಲೋ ಹೋದವರು ಮಧ್ಯಾಹ್ನದ ಮಾತ್ರೆ ಬಿಟ್ಟು ಎರಡು ಬಾರಿ ನುಂಗಿದರೆ, ದಿನದ ಬಹುಪಾಲು ಗಂಟೆಗಳು ಗೆರೆಯ ಕೆಳಗೇ ಕಳೆಯುತ್ತವೆ. ಹೀಟ್ ಆಗಬಾರದೆಂದು ಮಾತ್ರೆಯನ್ನು ಹಾಲಿನಲ್ಲಿ ನುಂಗುವ ಅಭ್ಯಾಸ ನಮ್ಮಲ್ಲಿ ವ್ಯಾಪಕ. ಹಾಲು ಮೊಸರಿನ ಕ್ಯಾಲ್ಸಿಯಂ ಸಿಪ್ರೊಫ್ಲಾಕ್ಸಾಸಿನ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರುವುದನ್ನು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಮಾಡುತ್ತದೆ. ಗ್ಯಾಸ್ಟ್ರಿಕ್‌ಗೆಂದು ಕುಡಿಯುವ ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುವ ಸಿರಪ್ ಅದಕ್ಕಿಂತ ಬಹಳ ಹೆಚ್ಚು ಕಡಿಮೆ ಮಾಡುತ್ತದೆ. ಮಕ್ಕಳ ಒಣ ಸಿರಪ್ಪಿನ ಬಾಟಲಿಗೆ ಗೆರೆ ಮೀರಿ ನೀರು ಬೆರೆಸುವುದು, ಅಳತೆಯ ಮುಚ್ಚಳದ ಬದಲು ಮನೆಯ ಚಮಚ ಬಳಸುವುದು, ಇವೂ ಅದೇ ಸಾಲಿಗೆ ಸೇರುತ್ತವೆ. ಇನ್ನು ಮಾತ್ರೆಯಲ್ಲೇ ಔಷಧ ಕಡಿಮೆ ಇದ್ದರೆ ರೋಗಿ ಏನೂ ಮಾಡಲಾಗದು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ವೈದ್ಯಕೀಯ ಉತ್ಪನ್ನ ಕಳಪೆ ಅಥವಾ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜಿಸಿತ್ತು. ಎಲ್ಲವನ್ನೂ ರೋಗಿಯ ಅಜ್ಞಾನದ ತಲೆಗೆ ಕಟ್ಟುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಸರಿಯಾಗಿ ಕೊಟ್ಟ ಔಷಧವೂ ಕೀವು ತುಂಬಿದ ಗಡ್ಡೆಯೊಳಗೆ, ಮೂಳೆಯಲ್ಲಿ, ಬಯೋಫಿಲ್ಮಿನ ಒಳಪದರದಲ್ಲಿ ಕೊಲ್ಲುವ ಮಟ್ಟವನ್ನು ಮುಟ್ಟದಿರಬಹುದು. ಕೀವನ್ನು ಕೊಯ್ದು ಹೊರತೆಗೆಯಬೇಕೆಂದು ಶಸ್ತ್ರವೈದ್ಯರು ಪಟ್ಟು ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಲೇಬೇಕು. ಕೋರ್ಸ್ ಪೂರ್ತಿ ಮಾಡದಿದ್ದರೆ ನಿರೋಧಕತೆ ಬರುತ್ತದೆ ಎಂಬ ಹಳೆಯ ಸಲಹೆಯನ್ನು 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲೇಖನವೊಂದು ಪ್ರಶ್ನಿಸಿತು, ಮತ್ತು ಅನೇಕ ಸಾಮಾನ್ಯ ಸೋಂಕುಗಳಿಗೆ ಕಡಿಮೆ ದಿನಗಳ ಚಿಕಿತ್ಸೆಯೇ ಸಾಕೆಂಬುದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಕ್ಷಯದಂಥ ಕಾಯಿಲೆಗೆ ಇದು ಸ್ವಲ್ಪವೂ ಅನ್ವಯಿಸುವುದಿಲ್ಲ. ಆದರೆ ದಿನಗಳನ್ನು ಕಡಿಮೆ ಮಾಡುವುದು ಬೇರೆ, ಪ್ರಮಾಣವನ್ನು ಕಡಿಮೆ ಮಾಡುವುದು ಬೇರೆ. ವೈದ್ಯರು ಐದು ದಿನಗಳ ಬದಲು ಮೂರು ದಿನ ಸಾಕೆಂದು ತೀರ್ಮಾನಿಸಿದಾಗ ಆ ಮೂರು ದಿನವೂ ಔಷಧ ಗೆರೆಯ ಮೇಲೆಯೇ ಇರುತ್ತದೆ. ಮಾತ್ರೆಯನ್ನು ಅರ್ಧ ಮಾಡಿ ಹತ್ತು ದಿನ ನುಂಗುವವರು ಬ್ಯಾಕ್ಟೀರಿಯಾಗಳಿಗೆ ಹತ್ತು ದಿನಗಳ ಸಂಕೇತವನ್ನು ಕಳಿಸುತ್ತಿರುತ್ತಾರೆ. ಅಜಿತ್ರೊಮೈಸಿನ್ ವಿಷಯದಲ್ಲಂತೂ ಇದು ಇನ್ನಷ್ಟು ಸೂಕ್ಷ್ಮ. ಅದು ದೇಹದಲ್ಲಿ ಅರ್ಧಕ್ಕಿಳಿಯಲು 68 ಗಂಟೆಗಳಷ್ಟು ಬೇಕು, ಆದ್ದರಿಂದ ಕೊನೆಯ ಮಾತ್ರೆ ನುಂಗಿ ಹಲವು ದಿನಗಳಾದರೂ ಅಂಗಾಂಶಗಳಲ್ಲಿ ಅದು ಇಳಿಯುತ್ತ ಇಳಿಯುತ್ತ ಉಳಿದಿರುತ್ತದೆ. ವೈರಸ್ಸಿನ ನೆಗಡಿಗೆ ಈ ಔಷಧವನ್ನು ಸುಮ್ಮನೆ ನುಂಗಿದವರ ಗಂಟಲು, ಕರುಳುಗಳ ಬ್ಯಾಕ್ಟೀರಿಯಾಗಳು ಆ ಇಳಿಜಾರಿನ ಪ್ರತಿ ಹಂತವನ್ನೂ ಎದುರಿಸಿರುತ್ತವೆ.

ಹೊಲ ತೋಟಗಳ ವಿಷಯ ನಮ್ಮ ಜಿಲ್ಲೆಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ದಾಳಿಂಬೆಯ ಅಂಗಮಾರಿಗೂ ಭತ್ತದ ಎಲೆ ಅಂಗಮಾರಿಗೂ ಕಾರಣ ಕ್ಸಾಂಥೊಮೊನಾಸ್ ಕುಲದ ಬ್ಯಾಕ್ಟೀರಿಯಾಗಳು. ಹಣ್ಣಿನ ಮೇಲೆ ಎಣ್ಣೆಗಪ್ಪು ಕಲೆ ಮೂಡಿ ಸಿಪ್ಪೆ ಬಿರಿದು ಇಡೀ ತೋಟದ ಬೆಳೆ ಬೀದಿಪಾಲಾಗುವುದನ್ನು ಕಂಡ ರೈತರು ಸ್ಟ್ರೆಪ್ಟೋಸೈಕ್ಲಿನ್ ಮೊರೆಹೋದರೆ ಅವರನ್ನು ದೂಷಿಸುವಂತಿಲ್ಲ. ಅದರಲ್ಲಿರುವುದು 9 ಪಾಲು ಸ್ಟ್ರೆಪ್ಟೊಮೈಸಿನ್, 1 ಪಾಲು ಟೆಟ್ರಾಸೈಕ್ಲಿನ್. ಒಂದು ಕ್ಷಯದ ಔಷಧ, ಇನ್ನೊಂದು ನಾವು ಮೇಲೆ ಕಂಡ ಸ್ಯೂಡೊಮೊನಾಸ್‌ನ ಉಗ್ರತೆಯನ್ನು ಏರಿಸಿದ ಔಷಧ. ಸಿಂಪಡಿಸಿದ ದ್ರಾವಣ ಎಲೆಯ ಮೇಲ್ಭಾಗಕ್ಕೆ ಬಿದ್ದಷ್ಟು ತಳಭಾಗಕ್ಕೆ ಬೀಳುವುದಿಲ್ಲ, ಇಬ್ಬನಿ ಮಳೆಗಳಲ್ಲಿ ತೆಳುವಾಗುತ್ತದೆ, ಮಣ್ಣಿಗಿಳಿದು ಇನ್ನೂ ತೆಳುವಾಗುತ್ತದೆ. ಒಂದೇ ಗಿಡದ ಮೇಲೆ ಕೊಲ್ಲುವ ಪ್ರಮಾಣದಿಂದ ಶೂನ್ಯದವರೆಗಿನ ಎಲ್ಲ ಸಾಂದ್ರತೆಗಳೂ ಏಕಕಾಲಕ್ಕೆ ಇರುತ್ತವೆ. ಕ್ಸಾಂಥೊಮೊನಾಸ್ ಕೂಡ ಸಂಕೇತ ಅಣುವನ್ನು ಬಳಸುವ ಜೀವಿ. ಭತ್ತದ ಅಂಗಮಾರಿಯ ಬ್ಯಾಕ್ಟೀರಿಯಾದಲ್ಲಿ ಸಂಕೇತ ತಯಾರಿಕೆಯ ‘ಆರ್‌ಪಿಎಫ್‌ಎಫ್’ ಜೀನ್ ಕೆಟ್ಟರೆ ಅದರ ರೋಗ ತರುವ ಶಕ್ತಿ ಕುಗ್ಗುತ್ತದೆ ಎಂದು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿದ್ದ ರಮೇಶ್ ಸೋಂಟಿ ಅವರ ತಂಡ 2002ರಲ್ಲಿಯೇ ತೋರಿಸಿದೆ. ಕೊಲ್ಲುವ ಬದಲು ಸಂಕೇತವನ್ನೇ ಕಡಿಯುವ ದಾರಿ ಬೆಳೆ ರೋಗಗಳಲ್ಲಿ ಮೊದಲು ಫಲಿಸಬಹುದು ಎಂಬ ನಿರೀಕ್ಷೆಗೆ ಇಂಥ ಕೆಲಸಗಳೇ ಆಧಾರ; ಸಂಕೇತ ಅಣುವನ್ನು ಒಡೆಯುವ ಕಿಣ್ವವನ್ನು ಬ್ಯಾಸಿಲಸ್ ಕುಲದ ಮಣ್ಣಿನ ಬ್ಯಾಕ್ಟೀರಿಯಾ ಒಂದರಿಂದ ಪಡೆದು ಗಿಡದ ಕೊಳೆ ರೋಗದ ಉಗ್ರತೆಯನ್ನು ತಗ್ಗಿಸಿದ ಪ್ರಯೋಗ 2000ದಷ್ಟು ಹಿಂದೆಯೇ ನಡೆದಿದೆ.

ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್‌ಗಳ ಕೃಷಿ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಹೊರಡಿಸಿತು. ಕೋಳಿ ಸಾಕಣೆಯಲ್ಲಿ, ಮೇವಿಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ಬೆರೆಸುವುದನ್ನು 2019ರಲ್ಲಿ ನಿಷೇಧಿಸಲಾಗಿದೆ. ಮೆಕ್ಕೆಜೋಳದ ಸೀಮೆಯಾದ ದಾವಣಗೆರೆಯಲ್ಲಿ ಕೋಳಿ ಮೇವಿನ ಪ್ರಶ್ನೆ ದೂರದ್ದೇನಲ್ಲ. ಬೆಳವಣಿಗೆ ಹೆಚ್ಚಲೆಂದು ಟನ್ನಿಗೆ ಕೆಲವು ಗ್ರಾಮಿನಂತೆ ಆ್ಯಂಟಿಬಯೋಟಿಕ್ ಬೆರೆಸುವ ಪದ್ಧತಿ 1950ರ ಸುಮಾರಿಗೆ ಅಮೆರಿಕದಲ್ಲಿ ಶುರುವಾದದ್ದು, ಮತ್ತು ಅದು ಹೆಸರಿನಲ್ಲೇ ಕಡಿಮೆ ಪ್ರಮಾಣದ ಪದ್ಧತಿ. ಯುರೋಪಿನ ಒಕ್ಕೂಟ 2006ರಲ್ಲಿ ಅದನ್ನು ಸಂಪೂರ್ಣ ನಿಲ್ಲಿಸಿತು.

ಇಷ್ಟನ್ನೆಲ್ಲ ಓದಿದವರು ಪ್ರಯೋಗಾಲಯದ ಫಲಿತಾಂಶಗಳನ್ನು ನೇರವಾಗಿ ರೋಗಿಯ ಮಂಚಕ್ಕೆ ತರಬಾರದೆಂಬ ಎಚ್ಚರವನ್ನೂ ಇಟ್ಟುಕೊಳ್ಳಬೇಕು. ಮೇಲಿನ ಅಧ್ಯಯನಗಳಲ್ಲಿ ಹೆಚ್ಚಿನವು ಪ್ರಯೋಗಾಲಯದ ಶುದ್ಧ ಪೋಷಕ ಮಾಧ್ಯಮದಲ್ಲಿ ಬೆಳೆದ ಒಂದೊಂದೇ ತಳಿಯ ಮೇಲೆ ನಡೆದವು. ದೇಹದಲ್ಲಿ ನೂರಾರು ಪ್ರಭೇದಗಳು ಒಟ್ಟಿಗಿರುತ್ತವೆ, ರಕ್ಷಣಾ ವ್ಯವಸ್ಥೆ ಕೆಲಸ ಮಾಡುತ್ತಿರುತ್ತದೆ. ಒಂದು ತಳಿಯಲ್ಲಿ ವಿಷ ಏರಿಸಿದ ಔಷಧ ಇನ್ನೊಂದು ತಳಿಯಲ್ಲಿ ಏರಿಸದೇ ಇರಬಹುದು. ಈ ಎಚ್ಚರದಿಂದ ಔಷಧವನ್ನು ಬೇಕಾಬಿಟ್ಟಿ ಬಳಸಲು ಅನುಮತಿ ಸಿಗುವುದಿಲ್ಲ. ಪರಿಣಾಮವನ್ನು ಮುಂಚಿತವಾಗಿ ಊಹಿಸಲಾಗದು ಎಂಬುದೇ ಕಡಿಮೆ ಪ್ರಮಾಣವನ್ನು ಅಪಾಯಕಾರಿಯಾಗಿಸುತ್ತದೆ.

ನಿಯಮಗಳನ್ನು ರೂಪಿಸುವವರು ಇದನ್ನು ಇನ್ನೂ ಪೂರ್ತಿ ಗಣನೆಗೆ ತೆಗೆದುಕೊಂಡಿಲ್ಲ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಔಷಧ ಕಾರ್ಖಾನೆಗಳ ತ್ಯಾಜ್ಯ ಸಂಸ್ಕರಣಾ ಘಟಕದಿಂದ ಹೊರಬಿದ್ದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇದ್ದುದನ್ನು 2007ರ ಅಧ್ಯಯನವೊಂದು ಬಯಲಿಗೆಳೆಯಿತು. ಅಷ್ಟು ಸಾಂದ್ರತೆ ಹರಿಯುತ್ತ ಹರಿಯುತ್ತ ತೆಳುವಾಗಿ, ಕೊಲ್ಲದ ಆದರೆ ಬದಲಿಸುವ ಪ್ರಮಾಣವಾಗಿ ಬಹುದೂರ ಸಾಗುತ್ತದೆ. ಎಂಐಸಿಗಿಂತ ನೂರಾರು ಪಟ್ಟು ಕಡಿಮೆ ಸಾಂದ್ರತೆಯಲ್ಲೂ ನಿರೋಧಕ ಬ್ಯಾಕ್ಟೀರಿಯಾಗಳು ಉಳಿದವನ್ನು ಹಿಂದಿಕ್ಕಬಲ್ಲವು ಎಂದು ಸ್ವೀಡನ್ನಿನ ಡ್ಯಾನ್ ಆಂಡರ್ಸನ್ ಅವರ ತಂಡ 2011ರಲ್ಲಿ ತೋರಿಸಿತು. ಆ ಪ್ರಯೋಗಗಳಲ್ಲಿ ಬಳಸಿದ ಔಷಧಗಳಲ್ಲಿ ನಮ್ಮ ತೋಟಗಳಲ್ಲಿ ಸಿಂಪಡಿಸುವ ಎರಡೂ ಸೇರಿದ್ದವು. 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಔಷಧ ಕಾರ್ಖಾನೆಗಳ ತ್ಯಾಜ್ಯ ನೀರಿನಲ್ಲಿ ಆ್ಯಂಟಿಬಯೋಟಿಕ್‌ಗಳಿಗೆ ಮಿತಿ ಸೂಚಿಸುವ ಕರಡು ನಿಯಮಗಳನ್ನು ಪ್ರಕಟಿಸಿತು, ಆದರೆ 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳು ಉಳಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರ ಸೆಪ್ಟೆಂಬರಿನಲ್ಲಿ ಇದೇ ವಿಷಯಕ್ಕೆ ಮಾರ್ಗಸೂಚಿಯನ್ನು ಹೊರತಂದಿದೆ. ಕರಡಿನಲ್ಲಿದ್ದ ಮಿತಿಗಳು ಮರಳಿ ನಿಯಮಕ್ಕೆ ಸೇರಬೇಕು, ಮತ್ತು ಅವುಗಳನ್ನು ನಿಗದಿಪಡಿಸುವಾಗ ಎಷ್ಟು ಪ್ರಮಾಣ ಕೊಲ್ಲುತ್ತದೆ, ಎಷ್ಟು ಪ್ರಮಾಣ ನಿರೋಧಕತೆಯನ್ನು ಆಯುತ್ತದೆ ಎಂಬ ಎರಡು ಲೆಕ್ಕಗಳ ಜೊತೆಗೆ, ಎಷ್ಟು ಪ್ರಮಾಣ ಬ್ಯಾಕ್ಟೀರಿಯಾಗಳ ಸಂಕೇತ ಮತ್ತು ವಿಷಗಳನ್ನು ಬದಲಿಸುತ್ತದೆ ಎಂಬ ಮೂರನೆಯ ಲೆಕ್ಕವನ್ನೂ ಕೇಳಬೇಕು.